ಇಂಬಳ ಹೊತ್ತ ಅಪವಾದ

ಬಾಳೂರು ಕಡೆಯ ಕೃಷ್ಣಪ್ಪನವರ ತೋಟದ ಮನೆಯಲ್ಲಿ ಮಕ್ಕಳಿಗೆ ಕಾಯಿಲೆ ಬರುವುದಿಲ್ಲ. ಬಂದರೂ ಅದಕ್ಕೊಂದು ಕಾರಣ ಮೊದಲೇ ಸಿದ್ಧವಾಗಿರುತ್ತದೆ. ನಾಲ್ಕು ವರ್ಷದ ಮೊಮ್ಮಗ ತನ್ಮಯ್‌ನ ಕಾಲಿನಿಂದ ಮಧ್ಯಾಹ್ನ ಸೋರತೊಡಗಿದ ರಕ್ತ ಮರುದಿನ ಬೆಳಿಗ್ಗೆಯೂ ಕಟ್ಟಿದ ಬಟ್ಟೆಯನ್ನು ಒದ್ದೆ ಮಾಡುತ್ತಿತ್ತು. ಕಾರಣ, ಇಂಬಳ, ಅಂದರೆ ಮಳೆಗಾಲದ ತೋಟದ ಜಿಗಣೆ.

"ಇಂಬಳ ಕಚ್ಚಿದ್ರೆ ರಕ್ತ ಬರ್ದೆ ಹಾಲು ಬರುತ್ತಾ?" ಎಂದರು ಅಜ್ಜಿ ನಂಜಮ್ಮ.

"ನಂಗೂ ಕಚ್ಚಿತ್ತಲ್ಲ ಅತ್ತೆ. ನಂದು ಸಂಜೆಗೇ ನಿಂತೋಯ್ತು," ಎಂದಳು ಸೊಸೆ ದಿವ್ಯಾ.

"ನಿಂದು ಮುದಿ ರಕ್ತ. ಮಗೂದು ಎಳೇ ರಕ್ತ, ಓಡ್ತದೆ."

ದಿವ್ಯಾಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಇಂಬಳ ಕಚ್ಚಿದರೆ ಎಂಥವರಿಗೂ ಗಂಟೆಗಟ್ಟಲೆ ರಕ್ತ ಸೋರುತ್ತದೆ. ಅದರ ಜೊಲ್ಲೇ ಹಾಗೆ. ಹಾಗಾಗಿ ಮಳೆಗಾಲದಲ್ಲಿ ಇಲ್ಲಿ ಸೋರುವ ರಕ್ತವನ್ನು ಯಾರೂ ಅನುಮಾನಿಸುವುದಿಲ್ಲ. ತನ್ಮಯ್‌ನ ಮೊಣಕೈ ನೀಲಿಗಟ್ಟಿದರೆ ಎಲ್ಲೋ ಬಿದ್ದಿರಬೇಕು. ಮಂಡಿ ಊದಿದರೆ ಶೀತ. ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂದಾಗ ಮಾತ್ರ, ಇಂಬಳವನ್ನು ಬಾಯೊಳಗೆ ಕಳಿಸಲು ಮನೆಯವರು ಸ್ವಲ್ಪ ಕಷ್ಟಪಟ್ಟರು. ಕೊನೆಗೆ ಬ್ರಷ್ಷು ಗಡುಸು ಎಂದಾಯಿತು.

ಇಷ್ಟರಲ್ಲಿ ಮಗುವಿಗೆ ಕಿವಿ ಚುಚ್ಚಿಸುವ ದಿನ ನಿಶ್ಚಯವಾಯಿತು. ಕಳಸದ ಅಕ್ಕಸಾಲಿ ಆಚಾರ್ರಿಗೆ ಹೇಳಿಯಾಗಿತ್ತು, ವಸ್ತಾರೆಯ ನೆಂಟರಿಗೂ. ಸೂಜಿಯ ಯೋಚನೆ ಬಂದದ್ದೇ ದಿವ್ಯಾ ಮಾವನ ಬಳಿ ಹೋದಳು.

"ಮಾವ, ಅದಕ್ಕೆ ಮೊದ್ಲು ಒಂದ್ಸಲ ರಕ್ತ ಪರೀಕ್ಷೆ ಮಾಡ್ಸೋಣ."

"ಎಂತಕ್ಕೆ ಮಾರಾಯ್ತಿ? ನಮ್ಮನೆ ರಕ್ತ ಅದು," ಎಂದರು ಕೃಷ್ಣಪ್ಪ. ಅವರು ಪ್ರತಿ ವರ್ಷ ತೋಟದ ಮಣ್ಣನ್ನು ಪರೀಕ್ಷೆಗೆ ಕಳಿಸುವವರು. ಮಣ್ಣಿನ ಮೇಲೆ ಅವರಿಗೆ ಅಷ್ಟು ನಂಬಿಕೆಯಿಲ್ಲ.

ಗಂಡ ಶಶಿಧರ್, ಅಪ್ಪ ಹೇಳುವುದೂ ಸರಿ, ಹೆಂಡತಿ ಹೇಳುವುದೂ ಸರಿ ಎಂದು ಧೈರ್ಯವಾಗಿ ಹೇಳಿ ಜೀಪು ತೊಳೆಯಲು ಹೋದ. ಮರುದಿನ ಅದೇ ಜೀಪಿನಲ್ಲಿ ದಿವ್ಯಾ ಅವನನ್ನೂ ಮಗುವನ್ನೂ ಚಿಕ್ಕಮಗಳೂರಿಗೆ ಹೊರಡಿಸಿದಳು.

ಮೊದಲ ಪರೀಕ್ಷೆಯಲ್ಲಿ ರಕ್ತ ಚೆನ್ನಾಗಿಯೇ ಇತ್ತು. "ನಾ ಹೇಳ್ಲಿಲ್ವಾ?" ಎಂದು ನಂಜಮ್ಮ ಫೋನಿನಲ್ಲೇ ಗೆದ್ದರು. "ರಕ್ತ ಸಾಕಷ್ಟಿದೆ, ಆದ್ರೆ ಹೆಪ್ಪುಗಟ್ತಾ ಇಲ್ಲ," ಎಂದ ಡಾಕ್ಟರು ಇನ್ನೊಂದು ಪರೀಕ್ಷೆ ಬರೆದರು. ಅದರಲ್ಲಿ ಸಿಕ್ಕಿತು, ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಮಗುವಿನಲ್ಲಿ ತೀರಾ ಕಡಿಮೆ. ಮಂಡಿ ಊದಿದ್ದು ಶೀತಕ್ಕಲ್ಲ, ಒಳಗೆ ರಕ್ತ ತುಂಬಿ. ಇಂಜೆಕ್ಷನ್ ಇದೆ, ತಪ್ಪಿಸದಿದ್ದರೆ ಹುಡುಗ ಆಡಿಕೊಂಡಿರುತ್ತಾನೆ. ಕಿವಿ ಚುಚ್ಚಿಸುವುದು ಮಾತ್ರ ಬೇಡ.

ಕಾಯಿಲೆಯ ಹೆಸರು ಮನೆಯಲ್ಲಿ ಯಾರ ನಾಲಿಗೆಗೂ ಬರಲಿಲ್ಲ. ಆದರೆ ಇದು ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುತ್ತದೆ ಎಂದು ಡಾಕ್ಟರು ಹೇಳಿದ ಮಾತು ಎಲ್ಲರಿಗೂ ತಕ್ಷಣ ಅರ್ಥವಾಯಿತು. ಕೆಲವೊಮ್ಮೆ ಯಾರ ಕಡೆಯಿಂದಲೂ ಬರದೆ ಹೊಸದಾಗಿಯೇ ಕಾಣಿಸಿಕೊಳ್ಳಬಹುದು ಎಂದೂ ಅವರು ಹೇಳಿದ್ದರು. ಅದು ಯಾರಿಗೂ ಕೇಳಿಸಲಿಲ್ಲ.

"ಹಂಗಾದ್ರೆ ನಮ್ಮ ಕಡೇದಲ್ಲ!" ಎಂದರು ನಂಜಮ್ಮ. ಮನೆಯೇ ನಿರಾಳವಾಯಿತು. ಕೃಷ್ಣಪ್ಪ ಇನ್ನೊಂದು ಲೋಟ ಕಾಫಿ ಕೇಳಿದರು. ಇಂಬಳವೂ ದೋಷಮುಕ್ತವಾಯಿತು.

ಕಿವಿ ಚುಚ್ಚಿಸಲು ನಿಶ್ಚಯವಾಗಿದ್ದ ದಿನ ಆಚಾರ್ರು ಬಂದೇಬಿಟ್ಟರು. ಬೇಡವೆಂದು ಹೇಳುವೆನೆಂದಿದ್ದ ಶಶಿಧರ್ ಹೇಳಿರಲಿಲ್ಲ.

"ಒಂದೇ ಒಂದು ಸಣ್ಣ ತೂತು. ಎಂತ ಆಗ್ತದೆ?" ಎಂದು ನಂಜಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಆಚಾರ್ರು ಚಿನ್ನದ ತಂತಿಯ ತುದಿಯನ್ನು ಚೂಪು ಮಾಡಿದರು.

ದಿವ್ಯಾ ಬಂದು ಮಗುವನ್ನು ಎತ್ತಿಕೊಂಡಳು.

"ಅತ್ತೆ, ಈ ರಕ್ತ ನನ್ನ ಕಡೇದು ಅಂತ ನೀವೇ ಹೇಳ್ತಾ ಇದ್ದೀರಿ ಅಲ್ವಾ?"

"ಹೌದು ಮತ್ತೆ! ಡಾಕ್ಟ್ರೇ ಹೇಳಿದ್ದು."

"ಹಾಗಾದ್ರೆ ಅದಕ್ಕೆ ಸೂಜಿ ಹಾಕ್ಬೇಕಾ ಬ್ಯಾಡ್ವಾ ಅಂತ ನಾನೇ ಹೇಳ್ತೀನಿ. ಬ್ಯಾಡ. ಆಚಾರ್ರೇ, ಕಡುಬು ಬಿಸಿ ಇದೆ, ತಿಂದು ಹೋಗಿ."

ನಂಜಮ್ಮ ಗಂಡನ ಮುಖ ನೋಡಿದರು. ಕೃಷ್ಣಪ್ಪ ಸೂರು ನೋಡಿದರು. ರಕ್ತ ನಮ್ಮದೆಂದರೆ ಕಾಯಿಲೆಯೂ ನಮ್ಮದಾಗುತ್ತದೆ. ಅಷ್ಟು ದೂರ ಹೋಗಲು ಇಬ್ಬರೂ ಸಿದ್ಧರಿರಲಿಲ್ಲ. ಆಚಾರ್ರು ತಂತಿಯನ್ನು ಪೆಟ್ಟಿಗೆಗೆ ಹಾಕಿ ಕೈ ತೊಳೆಯಲು ಎದ್ದರು.

"ನೆಂಟ್ರಿಗೆ ಎಂತ ಹೇಳಾದು ಈಗ?" ಎಂದರು ನಂಜಮ್ಮ.

"ಸೊಸೆ ಬಿಡ್ಲಿಲ್ಲ ಅನ್ನಿ," ಎಂದಳು ದಿವ್ಯಾ.

ಅದನ್ನು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ದಿವ್ಯಾ ಮಗುವಿನೊಂದಿಗೆ ಒಳಗೆ ಹೋಗುವಷ್ಟರಲ್ಲಿ ಜಗಲಿಯಿಂದ ನೆಂಟರಿಗೆ ಫೋನಿನಲ್ಲಿ ಅದನ್ನೇ ಹೇಳುವ ನಂಜಮ್ಮನ ದನಿ ಕೇಳಿಸತೊಡಗಿತ್ತು.