ಹಸಿ ಅಂಚು

"ಶರ್ಟು ಅಲ್ಲೇ ಬಿಚ್ಚಿಬಿಡ್ರೀ," ಎಂದು ಅವಳು ಅಡುಗೆಮನೆಯಿಂದಲೇ ಕೂಗಿದಳು. ಗಂಡ ಹೊಸ್ತಿಲ ಆಚೆ ನಿಂತು ಗುಂಡಿ ಬಿಚ್ಚತೊಡಗಿದ. ಎದುರು ಮನೆಯವರು ಇದನ್ನು ನೋಡಿ ನಗುವುದು ಎಂದೋ ನಿಂತುಹೋಗಿತ್ತು. ಪ್ರಯೋಗಾಲಯದಲ್ಲಿ ತೊಟ್ಟ ಬಟ್ಟೆ ಒಳಗೆ ಬಂದರೆ ಸಾಕು, ಅವಳ ಕಣ್ಣರೆಪ್ಪೆ ಊದಿಕೊಂಡು ಕತ್ತಿನ ತುಂಬ ದದ್ದು ಏಳುತ್ತಿತ್ತು.

ಆ ಪ್ರಯೋಗಾಲಯಕ್ಕೆ ಹೋದ ವರ್ಷದವರೆಗೂ ಅವಳೇ ಮುಖ್ಯಸ್ಥೆ. ಗಂಡ ಅವಳ ಕೈಕೆಳಗಿನವನು. ಅಲ್ಲಿ ಅವನೂ ಎಲ್ಲರಂತೆ 'ಮೇಡಂ' ಎನ್ನುತ್ತಿದ್ದ, ಮನೆಗೆ ಬಂದರೆ 'ಏನೇ'. ಬೆನ್ನ ಹಿಂದೆ ಅವಳಿಗೆ 'ಅಂಟು ಮೇಡಂ' ಎಂಬ ಹೆಸರಿತ್ತು. ಎಂಜಿನ್ನಿನ ಮಗ್ಗುಲಲ್ಲಿ ಕೂರಿಸಿದರೂ ಮೆತ್ತಗಾಗದಂಥ ರಾಳವೊಂದನ್ನು ವರ್ಷಗಟ್ಟಲೆ ಕಾಯಿಸಿ, ಕೆಡಿಸಿ, ಮತ್ತೆ ಕಾಯಿಸಿ ಹದಕ್ಕೆ ತಂದವಳು ಅವಳು. ಜೇನಿನಂತೆ ಹರಿಯುವ ಅದಕ್ಕೆ ಗಟ್ಟಿ ಮಾಡುವ ದ್ರವ ಬೆರೆಸಿ, ಅಚ್ಚಿಗೆ ಹೊಯ್ದು ಓವನ್ನಿನಲ್ಲಿಟ್ಟರೆ ಕಲ್ಲಾಗುತ್ತಿತ್ತು. ಒಮ್ಮೆ ಕಲ್ಲಾಯಿತೆಂದರೆ ಮತ್ತೆ ಕರಗುವ ಮಾತೇ ಇಲ್ಲ. ಅದು ಕೈಗೂಡುವ ಹೊತ್ತಿಗೆ ಅವಳ ಕೈಯೇ ಕೆಟ್ಟಿತು. "ಈ ಅಲರ್ಜಿ ಹೋಗೋದಲ್ಲಮ್ಮ. ಆ ಹಸಿ ರಾಳದ ಹತ್ರ ಇನ್ನು ಸುಳೀಲೇಬೇಡಿ," ಎಂದರು ಚರ್ಮದ ಡಾಕ್ಟರು. ಅವಳ ಕುರ್ಚಿಗೆ ಗಂಡ ಬಂದ. "ಹೊರಗಿನವರ ಪಾಲಾಗ್ಲಿಲ್ಲವಲ್ಲ, ಬಿಡು," ಎಂದು ಅತ್ತೆ ಸಮಾಧಾನ ಹೇಳಿದ್ದರು.

ಸ್ನಾನ ಮುಗಿಸಿ ಬಂದವನು ಕಾಗದದಲ್ಲಿ ಸುತ್ತಿ ತಂದಿದ್ದ ಬಿಲ್ಲೆಯೊಂದನ್ನು ಅವಳ ಮುಂದಿಟ್ಟ. ಅಂಗೈಯಗಲದ್ದು, ಕಂದುಬಣ್ಣ.

"ತಗೊಳ್ಳಿ ಮೇಡಂ, ನಿಮ್ಮ ರಾಳ ಪಾಸು! ಪೂರ್ತಿ ಬೆಂದಿದೆ, ಧೈರ್ಯವಾಗಿ ಮುಟ್ಟು. ಬೆಂದ ಮೇಲೆ ಅದು ಏನೂ ಮಾಡಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲ."

ಅವಳು ಅದರ ಅಂಚನ್ನು ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೊಡ್ಡಿದಳು, ಅಂಗೈಯಲ್ಲಿಟ್ಟು ಉಗುರಿನಿಂದ ತಟ್ಟಿ ಸದ್ದು ಕೇಳಿದಳು. ಊಟದ ಹೊತ್ತಿನವರೆಗೂ ಕೆಳಗಿಡಲಿಲ್ಲ. ಅಷ್ಟು ಹಿಗ್ಗಿ ಎಷ್ಟೋ ಕಾಲವಾಗಿತ್ತು.

ಒಂದು ದಿನ ಬಿಟ್ಟು ಬೆರಳ ತುದಿಗಳಲ್ಲಿ ನೀರ್ಗುಳ್ಳೆ ಎದ್ದಿತು. ಅಂಗೈ ಮಾತ್ರ ಚೊಕ್ಕವಾಗಿತ್ತು. ಅವಳು ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿದಳು.

"ರೀ, ಇದು ಬೆಂದಿಲ್ಲ."

"ಚೂರು ತೆಗೆದು ಮೆಷಿನ್ನಿಗೆ ಹಾಕಿ ನೋಡಿದೀವಲ್ಲ, ಬೆಂದಿದೆ ಅಂತಲೇ ಬಂತು."

"ಚೂರು ಎಲ್ಲಿಂದ ತೆಗೆದ್ರಿ, ನಡುವಿಂದ ತಾನೆ? ನಡು ತನ್ನ ಕಾವಿಗೇ ಬೇಯುತ್ತೆ. ಅಚ್ಚಿಗೆ ತಾಗಿರೋ ಅಂಚು ಹಸಿ ಉಳಿದಿದೆ. ಎಂಜಿನ್ ಪಕ್ಕ ಕೂರಿಸಿದ್ರೆ ಅಲ್ಲೇ ಬಿಟ್ಟುಕೊಳ್ಳುತ್ತೆ."

ಅವನ ಮುಖ ಇಳಿಯಿತು. "ವರದಿ ಮೇಲಿನವರಿಗೆ ಹೋಗಿಬಿಟ್ಟಿದೆ ಕಣೇ."

"ನಾನೇ ಬಂದು ಹೇಳ್ಲಾ? ಬಾಗಿಲಾಚೆ ನಿಂತೇ ಹೇಳ್ತೀನಿ."

"ಬೇಡ ಬೇಡ. ನಾನು ನೋಡ್ಕೋತೀನಿ."

ಮುಂದಿನ ವಾರ ಅವನು ಮೂರು ಬಿಲ್ಲೆ ತಂದ. ಒಂದಕ್ಕಿಂತ ಒಂದಕ್ಕೆ ಹೆಚ್ಚು ಕಾವು ಕೊಟ್ಟಿದ್ದನಂತೆ.

"ಅಂಚಿನ ಚೂರು ಮೆಷಿನ್ನಿಗೆ ಹಾಕಿ, ಗೊತ್ತಾಗುತ್ತೆ," ಎಂದಳು.

"ಹಾಕಿದ್ರೆ ಎಲ್ರಿಗೂ ಗೊತ್ತಾಗುತ್ತೆ, ಮೊದಲನೇದು ತಪ್ಪಾಗಿತ್ತು ಅಂತ. ಅದಕ್ಕೇ... ನೀನೇ ಒಂದ್ಸಲ..."

ಮಾತು ಮುಗಿಸದೆ ಅವಳ ಮೊಣಕೈ ಕಡೆ ನೋಡಿದ. ಅವನು ಜೇಬಿನಿಂದ ಪ್ಲಾಸ್ಟರ್ ಪಟ್ಟಿಯ ಸುರುಳಿ ತೆಗೆದ. ದಾರಿಯಲ್ಲೇ ಕೊಂಡು ತಂದಿದ್ದ.

ಅವಳು ಬೈದು ಎದ್ದುಹೋಗಬಹುದಿತ್ತು. ಆದರೆ ಆ ಮೂರರಲ್ಲಿ ಯಾವುದು ಪೂರ್ತಿ ಬೆಂದಿದೆ ಎಂದು ಅವಳಿಗೂ ತಿಳಿಯಬೇಕಾಗಿತ್ತು. ಅವಳೇ ಕುಪ್ಪಸದ ತೋಳನ್ನು ಮೇಲೆ ಸರಿಸಿದಳು. ಅವನು ಮೂರು ಬಿಲ್ಲೆಗಳ ಅಂಚಿನ ಚೂರುಗಳನ್ನು ಅವಳ ಚರ್ಮದ ಮೇಲೆ ಸಾಲಾಗಿಟ್ಟು ಪಟ್ಟಿ ಅಂಟಿಸಿದ. "ಏನದು, ಔಷಧೀನಾ?" ಎಂದು ಅತ್ತೆ ಕೇಳಿದರು. "ಹೂಂ ಅಮ್ಮ," ಎಂದ ಮಗ.

ಎರಡು ದಿನ ಬಿಟ್ಟು ಪಟ್ಟಿ ಬಿಚ್ಚುವ ಹೊತ್ತಿಗೆ ಒಂದು ಜಾಗ ಹಸಿಗಾಯದಂತೆ ಒಸರುತ್ತಿತ್ತು, ಇನ್ನೊಂದರಲ್ಲಿ ಸಣ್ಣ ಗುಳ್ಳೆಗಳು. ಕಡೆಯದು ಬರೀ ಚರ್ಮ.

"ಮೂರನೇದು!" ಎಂದು ತನಗರಿವಿಲ್ಲದೆಯೇ ಕೂಗಿಬಿಟ್ಟಳು, ಹಿಂದೆ ಓವನ್ನಿನ ಮುಂದೆ ನಿಂತು ಕೂಗುತ್ತಿದ್ದ ಹಾಗೆ. ಅವನು ಓಡಿ ಬಂದ. ಬಗ್ಗಿ ಮೂರನೆಯ ಜಾಗವನ್ನಷ್ಟೇ ನೋಡಿದ, ಬೆರಳಾಡಿಸಿದ. ಮಿಕ್ಕೆರಡರ ಕಡೆ ಅವನ ಕಣ್ಣು ಹೋಗಲೇ ಇಲ್ಲ. ಫೋನು ಹಿಡಿದು ಕೋಣೆಗೆ ನಡೆದ.

"ಕಾವು ಇನ್ನೂ ಏರಿಸಿದ್ರೆ ಒಳ್ಳೇದು ಅನ್ಸುತ್ತೆ ಸಾರ್, ಅಂಚಿನ ಮೇಲೆ ನಂಗ್ಯಾಕೋ ಅನುಮಾನ... ಹೇಗೆ ಅಂದ್ರೆ? ಏನಿಲ್ಲ ಸಾರ್, ಅನುಭವ!" ಆ ಕಡೆಯವರು ಹೊಗಳಿದರೇನೋ, ಅವನು ಗಟ್ಟಿಯಾಗಿ ನಕ್ಕ.

ಅವಳು ಒಂದೇ ಕೈಯಲ್ಲಿ ಮುಲಾಮಿನ ಟ್ಯೂಬಿನ ಮುಚ್ಚಳ ತಿರುಗಿಸುತ್ತ ಕೂತಿದ್ದಳು. ಅದು ಬರುತ್ತಿರಲಿಲ್ಲ. ಅತ್ತೆ ಸೊಸೆಯ ತೋಳನ್ನು ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಗೋಡೆ ಹಿಡಿದು ಎದ್ದು ಹೋಗಿ, ನಗು ಕೇಳಿಬರುತ್ತಿದ್ದ ಕೋಣೆಯ ಬಾಗಿಲನ್ನು ಸದ್ದಾಗದಂತೆ ಎಳೆದು ಮುಚ್ಚಿದರು.