ಹತ್ತಕ್ಕೆ ಒಂದು

ಟೀವಿಗೆ ಸಿಕ್ಕಿಸುವ ಆ ಡಬ್ಬಿ ಮನೆಗೆ ಬಂದ ದಿನವೇ ಮಗಳಿಗೆ ತಲೆ ಚಿಟ್ಟು ಹಿಡಿಯಿತು. ಸೋಪಿನ ಪೆಟ್ಟಿಗೆಯಷ್ಟಿಲ್ಲ, ಅದರ ಜಂಬ ನೋಡಬೇಕು. ವೈಫೈ ಪಾಸ್‌ವರ್ಡನ್ನು ರಿಮೋಟಿನ ಬಾಣದ ಗುಂಡಿಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು. ಕೊನೇ ಅಕ್ಷರದಲ್ಲಿ ಕೈ ತಪ್ಪಿತೋ, ಮತ್ತೆ ಮೊದಲಿಂದ. ಹೀಗೇ ಒಂದೂವರೆ ಗಂಟೆ. ಬೇಡ ಅಂತ ಎತ್ತಿ ಬಿಸಾಕುವ ಹಾಗೂ ಇಲ್ಲ, ಇದೇ ಅವಳ ಹೊಟ್ಟೆಪಾಡು. ಇಸ್ತ್ರಿ ಪೆಟ್ಟಿಗೆ, ಮಿಕ್ಸಿ, ಫ್ಯಾನು, ಏನು ಹೊಸದು ಬಂದರೂ ಮನೆಗೆ ತಂದು ಬಳಸಿ ನೋಡಿ, ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿ ಒಂದು ಪತ್ರಿಕೆಗೆ ಬರೆದುಕೊಡುವ ಕೆಲಸ.

ಈ ಸಲ ಕಚೇರಿಯವರು ಕೊಟ್ಟ ನಮೂನೆಯಲ್ಲಿ ಎಂಟನೇ ಸಾಲು ಓದಿ ಅವಳು ಹಣೆ ಚಚ್ಚಿಕೊಂಡಳು. ಬಾಯಲ್ಲಿ ಹೇಳಿದರೆ ಸಾಕು, ಡಬ್ಬಿ ಬೇಕಾದ್ದನ್ನು ತೋರಿಸುತ್ತದಂತೆ. ಅದನ್ನು ಪರೀಕ್ಷಿಸೋದಕ್ಕೆ ಅರವತ್ತು ದಾಟಿದವರೊಬ್ಬರು ಆರು ದಿನ, ದಿನಕ್ಕೆ ಐದು ಸಲ ಅದಕ್ಕೆ ಅಪ್ಪಣೆ ಕೊಡಬೇಕು. ಅವರು ಮಾತಾಡುವಾಗ ಬೇರೆ ಯಾರ ದನಿಯೂ ಕೇಳಕೂಡದು. ಕೇಳಿದರೆ ಆ ಸರದಿ ರದ್ದು.

"ನಾನೇ ಮಾತಾಡ್ತೀನಿ ಬಿಡು," ಅಂದಳು ಅಮ್ಮ.

"ನಿನಗಿನ್ನೂ ಐವತ್ತೆಂಟು."

"ಎರಡು ಸೇರಿಸಿ ಬರಕೋ. ಯಾರು ಬಂದು ಹಲ್ಲು ಎಣಿಸ್ತಾರೆ?"

ಕಚೇರಿಯ ಸಾಹೇಬರಿಗೆ ಫೋನ್ ಮಾಡಿದರೆ, "ಮನೇಲಿ ನಿಮ್ಮ ತಂದೆ ಇದ್ದಾರಲ್ಲಮ್ಮ," ಅಂದು ಇಟ್ಟೇಬಿಟ್ಟರು.

ಇದ್ದಾರೆ, ಇಲ್ಲ ಅಂದವರ್ಯಾರು. ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದ ಮನುಷ್ಯ. ನಿಲ್ದಾಣದ ಹೆಸರು ಕೂಗಿದರೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವವನೂ ಎದ್ದು ಚೀಲ ಹುಡುಕುತ್ತಿದ್ದ. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಜೊತೆ ನಾಲಿಗೆಯನ್ನೂ ಎಳೆದುಹಾಕಿತು. ಮಾತಿನ ಚಿಕಿತ್ಸೆಯ ಡಾಕ್ಟರಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದರು: ಮಾತು ಹೋಗಿಲ್ಲ, ನಿಧಾನ ಆಗಿದೆ ಅಷ್ಟೆ. ಆದರೆ ದಿನಾ ಆಡಬೇಕು, ಆಡದೇ ಬಿಟ್ಟರೆ ಇರೋದೂ ಹೋಗುತ್ತೆ. ಅಪ್ಪ ಮೂರು ತಿಂಗಳು ಹೆಣಗಿದರು. ಆಮೇಲೆ ಬಾಯಿ ಮುಚ್ಚಿ ಕೂತವರು ಕೂತೇಬಿಟ್ಟರು. ಇನ್ನು ಇವರ ಮಾತು ಕೇಳುವುದೇ ಇಲ್ಲವೇನೋ ಅಂತ ಮಗಳಿಗೆ ಒಳಗೊಳಗೇ ಭಯ.

ಅವರ ಪಾಲಿನದನ್ನೆಲ್ಲ ಅಮ್ಮನೇ ಆಡುತ್ತಿದ್ದಳು. "ಇವರಿಗೆ ಸೆಕೆಯಂತೆ, ಫ್ಯಾನು ಹಾಕು." "ಆಸ್ಪತ್ರೆಯಿಂದ ಬಂದಮೇಲೆ ಇವರಿಗೆ ಕಾಫಿ ಸೇರಲ್ಲ, ಟೀನೇ ಇಷ್ಟ." ಅಪ್ಪ ತುಟಿ ಅಲ್ಲಾಡಿಸಿದರೆ ಸಾಕು, ಮೊದಲ ಅಕ್ಷರ ಹೊರಬೀಳೋದರೊಳಗೆ ಅಮ್ಮನದೊಂದು ವಾಕ್ಯ, ಮಗಳದೊಂದು ವಾಕ್ಯ ತಯಾರು. ಕೆಟ್ಟ ಮನಸ್ಸಿನಿಂದಲ್ಲ ಪಾಪ, ಅವರು ಒದ್ದಾಡುವುದನ್ನು ನೋಡಲಾರದೆ.

ಮೊದಲ ದಿನ ಅಪ್ಪನ ಎಡಗೈಗೆ ರಿಮೋಟು ಕೊಟ್ಟು ಮಗಳು ಹೇಳಿದಳು, "ಈ ಗುಂಡಿ ಒತ್ತಿ ಹಿಡೀರಿ. ಹಿಡಿದಿರೋವಷ್ಟು ಹೊತ್ತೂ ಅದು ಕೇಳಿಸಿಕೊಳ್ತಾ ಇರುತ್ತೆ. ಏನು ಬೇಕೋ ಹೇಳಿ."

ಅಪ್ಪ ಡಬ್ಬಿಯನ್ನು ಟಿಕೆಟ್ ಇಲ್ಲದ ಪ್ರಯಾಣಿಕನನ್ನು ನೋಡುವ ಹಾಗೆ ನೋಡಿದರು. ತುಂಬ ಹೊತ್ತಾದ ಮೇಲೆ ಗುಂಡಿ ಒತ್ತಿದರು. "ಬ..."

"ಬಸ್ಸು," ಅಂದಳು ಅಮ್ಮ.

ರದ್ದು.

"ಬ... ಸ್..."

"ಬೆಟ್ಟದ ರಸ್ತೇಲಿ ಬಸ್ಸು ಹೋಗೋದು ಬೇಕಂತೆ ಕಣೇ."

ರದ್ದು. ಮಗಳ ತಾಳ್ಮೆಯ ಕಟ್ಟೆ ಒಡೆಯಿತು. "ಅಮ್ಮ, ಇನ್ನೊಂದು ಸಲ ಅಡ್ಡಬಾಯಿ ಹಾಕಿದ್ರೆ ಹೊರಗೆ ಕೂರಿಸಿ ಬಾಗಿಲು ಹಾಕ್ತೀನಿ."

ಅಮ್ಮ ಕೈಯೊರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಕೂತಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಇಷ್ಟು ದೊಡ್ಡ ಶಿಕ್ಷೆ ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಕೋಣೆ ಗಪ್‌ಚಿಪ್. ಗಡಿಯಾರದ ಸೆಕೆಂಡಿನ ಮುಳ್ಳು ಅರ್ಧ ಸುತ್ತು ಬಂದಮೇಲೆ ಅಪ್ಪನ ಬಾಯಿಂದ ಬಂತು: "ಬಸ್ಸು... ತೋ... ರ್ಸು."

ಡಬ್ಬಿ ನೀಲಿ ದೀಪ ಮಿಟುಕಿಸಿತು. "ಕ್ಷಮಿಸಿ, ಅರ್ಥವಾಗಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ."

ಇನ್ನೊಮ್ಮೆ ಹೇಳಿದರು. ಇನ್ನೊಮ್ಮೆ ಕ್ಷಮೆ ಕೇಳಿತು. ನಾಲ್ಕನೇ ಸಲಕ್ಕೆ ಬೂಟಿಗೆ ಪಾಲಿಶ್ ಹಾಕುವುದು ಹೇಗೆ ಅಂತ ತೋರಿಸಿತು. ಎರಡನೇ ದಿನವೂ ಇದೇ ರಾಮಾಯಣ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಮಗಳಿಗೆ ಡಬ್ಬಿ ಮಾಡಿದವರನ್ನು ಕರೆಸಿ ಇದೇ ಕುರ್ಚಿಯಲ್ಲಿ ಕೂರಿಸಬೇಕು ಅನ್ನಿಸಿತು. ಅಪ್ಪನಿಗೂ ಮೂಗಿನ ತುದಿಗೆ ಸಿಟ್ಟು ಬಂದಿತ್ತು. ಗುಂಡಿ ಒತ್ತಿ ಹಿಡಿದು, ಒಂದೊಂದೇ ಅಕ್ಷರ ಅಗೆದು ತೆಗೆದರು: "ಕಿವುಡು... ಮುಂಡೇದೇ... ಬಸ್ಸು... ಅಂದ್ರೆ... ಬಸ್ಸು."

ಐದು ತಿಂಗಳಲ್ಲಿ ಅಪ್ಪ ಆಡಿದ ಇಷ್ಟುದ್ದದ ಮೊದಲ ಮಾತು. ಮಗಳಿಗೆ ಅದು ಹೊಳೆಯಲೇ ಇಲ್ಲ. 'ಅಪ್ಪಣೆಯಲ್ಲ, ಬೈಗುಳ' ಅಂತ ಬರೆದು ಗೀಟು ಎಳೆದಳು.

ಮೂರನೇ ದಿನದಿಂದ ಅಪ್ಪನನ್ನು ಕರೆಯಬೇಕಾಗಲಿಲ್ಲ. ತಿಂಡಿ ತಿಂದ ಕೂಡಲೇ ಬಂದು ಕೂತು ಗುಂಡಿ ಒತ್ತುತ್ತಿದ್ದರು. ಐದು ಅಪ್ಪಣೆ ಮುಗಿದರೂ ಬಿಡುತ್ತಿರಲಿಲ್ಲ. ಮಗಳು ಮಾತ್ರ ತಲೆ ಬಗ್ಗಿಸಿ ಪಟ್ಟಿ ತುಂಬುತ್ತಲೇ ಇದ್ದಳು, ತಪ್ಪು, ತಪ್ಪು, ತಪ್ಪು. ಅಮ್ಮ ಬಟ್ಟೆ ಕಚ್ಚಿಕೊಂಡು, ಬಂದ ಮಾತನ್ನೆಲ್ಲ ನುಂಗಿ ನುಂಗಿ ಅರ್ಧ ಆಗಿದ್ದಳು.

ಆರನೇ ದಿನ ಸಂಜೆ ಲೆಕ್ಕ ಮುಗಿಯಿತು. ಮೂವತ್ತು ಅಪ್ಪಣೆಯಲ್ಲಿ ಡಬ್ಬಿಗೆ ತಿಳಿದದ್ದು ಮೂರು. ಮಗಳು ಎಂಟನೇ ಸಾಲಿನ ಮುಂದೆ ಹತ್ತಕ್ಕೆ ಒಂದು ಅಂತ ಬರೆದಳು, ಅದೂ ಸೊನ್ನೆ ಕೊಟ್ಟರೆ ಸಾಹೇಬರು ಕಾರಣ ಕೇಳುತ್ತಾರೆ ಅಂತ. ತಂತಿ ಕಿತ್ತು, ಡಬ್ಬಿಯನ್ನು ರಟ್ಟಿನ ಪೆಟ್ಟಿಗೆಗೆ ತುರುಕಿ, ಟೇಪು ಹುಡುಕಿ ಕೈಗೆತ್ತಿಕೊಂಡಳು. ಅಮ್ಮ ಒಲೆಯ ಮೇಲೆ ಹಾಲಿಟ್ಟು ಬಂದು ಬಾಗಿಲಲ್ಲಿ ನಿಂತಳು.

"ಅದು... ಇಲ್ಲೇ... ಇರಲಿ," ಅಂದರು ಅಪ್ಪ.

"ಅಪ್ಪ, ವಾರವಿಡೀ ನಮ್ಮ ಪ್ರಾಣ ಹಿಂಡಿದೆ ಇದು. ನೀವು ಹೇಳಿದ್ದು ನೆಟ್ಟಗೆ ಅರ್ಥ ಆಯ್ತಾ ಇದಕ್ಕೆ?"

ಅಪ್ಪ ಉತ್ತರಕ್ಕೆ ತಯಾರಾದರು. ಮಗಳು ಅಭ್ಯಾಸಬಲದಿಂದ "ಹೊಸ ಟೀವಿ ತರಲಾ" ಅನ್ನೋಕೆ ಬಾಯಿ ತೆರೆದಳು. ಅಪ್ಪ ಎಡಗೈ ಎತ್ತಿದರು, ಬಸ್ಸು ನಿಲ್ಲಿಸುವವರ ಹಾಗೆ.

"ಅರ್ಥ... ಆಗಲ್ಲ. ಆದ್ರೆ... ಮು... ಗಿಯೋ ತನಕ... ಕೇಳುತ್ತೆ."

ಮಗಳ ಕೈಯಲ್ಲಿದ್ದ ಟೇಪು ಕೈಯಲ್ಲೇ ಉಳಿಯಿತು. ಗೀಟು ಎಳೆದ ಆ ಬೈಗುಳ ಈಗ ನೆನಪಾಯಿತು. ಆರು ದಿನ ಡಬ್ಬಿಯ ಕಿವಿಗೆ ಅಂಕ ಹಾಕಿದ್ದಳು. ತನ್ನ ಕಿವಿಗೆ ಹಾಕಿದ್ದರೆ ಎಷ್ಟು ಬರುತ್ತಿತ್ತೋ ಅಂತ ಅನ್ನಿಸಿ ಅವಳಿಗೆ ತುಂಬ ನಾಚಿಕೆಯಾಯಿತು.

ಅಮ್ಮನ ಬಾಯಲ್ಲಿ "ಇವರಿಗೆ ಟೀ..." ಅಂತ ಶುರುವಾದದ್ದು ಅಲ್ಲೇ ನಿಂತಿತು. ಅವಳು ಸ್ಟೂಲು ಎಳೆದುಕೊಂಡು ಅಪ್ಪನ ಎದುರಿಗೆ ಕೂತು, "ನೀವೇ ಹೇಳಿ. ಏನು ಕುಡೀತೀರಾ?" ಅಂದಳು. ಅಂದು ತುಟಿ ಬಿಗಿ ಹಿಡಿದಳು.

ಅಪ್ಪ ಅವಳ ಮುಖವನ್ನೇ ನೋಡಿದರು, ಇದು ನಿಜವೋ ಸುಳ್ಳೋ ಅಂತ. ಆಮೇಲೆ ಹೆಬ್ಬೆರಳು ತೊಡೆಯ ಮೇಲೆ ಒತ್ತಿಕೊಂಡರು, ಅಲ್ಲಿ ಗುಂಡಿ ಇದ್ದ ಹಾಗೆ.

"ಟೀ... ಬೇಡ. ಎಂ... ಟು... ತಿಂಗಳಿಂದ... ಕಾ... ಫಿ..."

ಅಡುಗೆಮನೆಯಲ್ಲಿ ಹಾಲು ಉಕ್ಕಿ ಸೀದ ವಾಸನೆ ಬಂತು. ಅಮ್ಮನೂ ಮಗಳೂ ಇದ್ದಲ್ಲಿಂದ ಕದಲಲಿಲ್ಲ. ಅಪ್ಪನ ಮಾತು ಇನ್ನೂ ಮುಗಿದಿರಲಿಲ್ಲ.