ಸಣ್ಣ ಕ್ಯಾಸೆಟ್ಟಿನಿಂದ ದೊಡ್ಡ ಕ್ಯಾಸೆಟ್ಟಿಗೆ

ಕ್ಯಾಸೆಟ್ಟು ಯಂತ್ರದ ಬಾಯಿಯೊಳಗೆ ಹೋಯಿತು, ಆದರೆ ಕೂರಲಿಲ್ಲ. ಬಾಯಿ ದೊಡ್ಡದು, ಕ್ಯಾಸೆಟ್ಟು ಸಣ್ಣದು. ಸಾಗರದ ವಿಡಿಯೋ ಅಂಗಡಿಯ ಜಟ್ಟಪ್ಪ ಅದನ್ನು ಎರಡು ಬೆರಳಲ್ಲಿ ಹೊರಕ್ಕೆಳೆದು, ತಿರುವಿ ನೋಡಿ, ನನ್ನ ಕೈಗಿಟ್ಟ.

"ಇದು ಬೀಟಾ ಕಣಾ ಬೆಳ್ಳಪ್ಪ. ನನ್ನ ಹತ್ರ ಇರೋದು ವಿಎಚ್ಎಸ್ಸು. ಇವೆರಡೂ ಒಂದೇ ಪಂಕ್ತೀಲಿ ಕೂರೋದಿಲ್ಲ."

ಅದು ಎಂಬತ್ತೇಳರ ಬೇಸಿಗೆ. ನನ್ನ ಕೈಯಲ್ಲಿದ್ದದ್ದು ಅಣ್ಣ ಮಾಸ್ತಪ್ಪನ ಮದುವೆಯ ಕ್ಯಾಸೆಟ್ಟು. ಎರಡು ವರ್ಷದ ಕೆಳಗೆ ಅತ್ತಿಗೆಯ ಕಡೆಯವರು ಕರೆಸಿದ್ದ ಭಟ್ಕಳದ ಕ್ಯಾಮೆರಾದವನು ತೆಗೆದು ಕೊಟ್ಟಿದ್ದ. ಹಾಕಿ ನೋಡಲು ನಮ್ಮ ಮನೆಯಲ್ಲಿ ಟೀವಿಯೇ ಇರಲಿಲ್ಲವಾದ್ದರಿಂದ ಅದು ಯಾವ ಜಾತಿಯ ಕ್ಯಾಸೆಟ್ಟು ಎಂದು ಯಾರೂ ವಿಚಾರಿಸಿರಲಿಲ್ಲ. ದೇವರ ಗೂಡಿನ ಪಕ್ಕ ಇಟ್ಟಿದ್ದೆವು, ಅಷ್ಟೆ.

ಈಗ ಅದು ಬೇಕಾಗಿತ್ತು. ಅದರೊಳಗೆ ಅವ್ವನ ದನಿ ಇತ್ತು.

ಅಣ್ಣನ ಮದುವೆಯಾದ ಮರುವರ್ಷ ಅವ್ವನ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ತೆಗೆಸಿದ ಮೇಲೆ ಪ್ರಾಣ ಉಳಿಯಿತು, ದನಿ ಉಳಿಯಲಿಲ್ಲ. ಅವ್ವ, ಊರಿನವರಿಗೆಲ್ಲ ಕನ್ನಮ್ಮ, ಅದಕ್ಕೆ ಮೊದಲು ಸುತ್ತಮುತ್ತಲ ನಮ್ಮ ದೀವರ ಜನರ ಮನೆಗಳಲ್ಲಿ ಯಾವ ಮದುವೆಯಾದರೂ ಹಸೆಗೋಡೆಯ ಮುಂದೆ ಕೂತು ಹಾಡುವವಳು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಮದುಮಕ್ಕಳು ಕೂರುವುದು ಅದರ ಮುಂದೆ. ಬರೆದು ಮುಗಿಯುವವರೆಗೂ ಹಾಡು ನಿಲ್ಲುವಂತಿಲ್ಲ. ಅವ್ವ ಹಾಡುತ್ತಿದ್ದುದು ಪ್ರಶ್ನೆಗಳ ಹಾಡು. ಕೆಮ್ಮಣ್ಣು ತಂದವರು ಯಾರು, ಅಕ್ಕಿ ನೆನೆಸಿದವರು ಯಾರು, ದೀಪ ಹಚ್ಚಿದವರು ಯಾರು ಎಂದು ಒಬ್ಬಳು ಕೇಳುತ್ತಾಳೆ. ಇನ್ನೊಬ್ಬಳು ಸುತ್ತ ಕಣ್ಣಾಡಿಸಿ, ಆ ದಿನ ಆ ಕೆಲಸ ಮಾಡಿದವರ ಹೆಸರನ್ನು ಹಾಡಿನಲ್ಲಿ ಕೂಡಿಸಿ ಹೇಳುತ್ತಾಳೆ. ಕೇಳಿದ್ದಕ್ಕೆ ಹೆಸರು ಹೇಳದೆ ಬಿಡುವುದು ತಪ್ಪು. ಮಾಡಿದವರ ಋಣ ಮದುಮಕ್ಕಳ ತಲೆಯ ಮೇಲೆ ಉಳಿಯುತ್ತದೆ.

ನನ್ನ ತಂಗಿ ತುಂಗಾಳ ಮದುವೆ ಹತ್ತಿರ ಬಂದಿತ್ತು. ಅವಳು ಸೀರೆ ಕೇಳಲಿಲ್ಲ, ಓಲೆ ಕೇಳಲಿಲ್ಲ. ಬಾವಿಕಟ್ಟೆಯ ಹತ್ತಿರ ನನ್ನನ್ನು ನಿಲ್ಲಿಸಿ ಒಂದೇ ಮಾತು ಹೇಳಿದಳು.

"ಅವ್ವ ಹಾಡದ ಹಸೆ ಮುಂದೆ ನಾ ಕೂರೋದಿಲ್ಲ. ಹೆಂಗಾರೂ ಮಾಡು."

ದನಿ ಹೋದವಳಿಂದ ಹಾಡಿಸುವುದು ಹೇಗೆಂದು ಯೋಚಿಸುತ್ತಿದ್ದಾಗ ಕ್ಯಾಸೆಟ್ಟು ನೆನಪಾಗಿತ್ತು. ಟೀವಿಯನ್ನೂ ಯಂತ್ರವನ್ನೂ ಮದುವೆಮನೆಗೆ ತರಲು ಜಟ್ಟಪ್ಪ ಒಪ್ಪಿದ್ದ. ಈಗ ಅವನೇ ಕ್ಯಾಸೆಟ್ಟನ್ನು ವಾಪಸ್ಸು ಕೊಟ್ಟು ನಿಂತಿದ್ದ. ನನ್ನ ಮುಖ ನೋಡಿ ಅವನಿಗೇ ಕಸಿವಿಸಿಯಾಗಿರಬೇಕು. ದಾರಿ ಹೇಳಿದ. ಜೋಗದ ಕಾಲನಿಯಲ್ಲಿ ಪವರ್ ಹೌಸಿನ ಇಂಜಿನಿಯರ್ ಮುಕುಂದಯ್ಯ ಎಂಬವರಿದ್ದಾರೆ, ಅವರ ಮನೆಯಲ್ಲಿರುವುದು ಬೀಟಾ. ಇದನ್ನು ಅಲ್ಲಿ ಓಡಿಸಿ, ವಿಎಚ್ಎಸ್ಸಿಗೆ ಇಳಿಸಿಕೊಂಡು ಬಂದರೆ ಆಯಿತು. ಆದರೆ ಇಳಿಸಿಕೊಳ್ಳಲು ಜಟ್ಟಪ್ಪನ ಯಂತ್ರ ಆಗದು, ಅದು ತೋರಿಸುತ್ತದೆ, ಬರೆದುಕೊಳ್ಳುವುದಿಲ್ಲ. ಬರೆದುಕೊಳ್ಳುವ ಯಂತ್ರ ಇರುವುದು ತೀರ್ಥಹಳ್ಳಿಯ ಹೂವಯ್ಯನ ಅಂಗಡಿಯಲ್ಲಿ.

ಒಂದು ಹಾಡು ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಹೋಗಲು ಮೂರು ತಾಲೂಕು ಸುತ್ತಬೇಕಿತ್ತು.

ಮೊದಲು ಜೋಗಕ್ಕೆ ಹೋದೆ. ಮುಕುಂದಯ್ಯನವರಿಗೆ ಕಾಳಿ ಯೋಜನೆಗೆ ವರ್ಗವಾಗಿತ್ತು. ಮನೆಯ ತುಂಬ ಹುಲ್ಲು, ಗೋಣಿ, ಮರದ ಪೆಟ್ಟಿಗೆಗಳು. ಭಾನುವಾರ ಮಧ್ಯಾಹ್ನ ಲಾರಿ ಬರುವುದಿತ್ತು. ನಾನು ಹೇಳಿದ್ದನ್ನೆಲ್ಲ ಅವರು ನಿಂತೇ ಕೇಳಿಸಿಕೊಂಡರು. ಬೀಟಾ ಯಂತ್ರವನ್ನು ಆಗಲೇ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದಾಗಿದೆ ಎಂದರು. ನಾನು ಹೊರಡಲು ತಿರುಗಿದೆ. ಬೆನ್ನ ಹಿಂದೆ ಮೊಳೆ ಕೀಳುವ ಕಿರ್ ಸದ್ದು ಕೇಳಿಸಿತು.

"ಭಾನುವಾರ ಬೆಳಿಗ್ಗೆ ಬನ್ನಿ," ಅಂದರು ಅವರು, ಪೆಟ್ಟಿಗೆಯ ಮುಚ್ಚಳದಿಂದ ತಲೆ ಎತ್ತದೆ. "ಲಾರಿ ಬರೋದ್ರೊಳಗೆ ಮುಗಿಸಬೇಕು ಅಷ್ಟೆ."

ತೀರ್ಥಹಳ್ಳಿಯ ಹೂವಯ್ಯ ದಪ್ಪ ಮೀಸೆಯ, ಸಣ್ಣ ಸಿಟ್ಟಿನ ಮನುಷ್ಯ. ಯಂತ್ರ ಕೊಡುವುದಿಲ್ಲ ಎಂದ. ಹಿಂದೊಮ್ಮೆ ಯಾರೋ ಅದರ ಮೇಲೆ ಹಲಸಿನ ಹಣ್ಣು ಹೆಚ್ಚಿದ್ದರಂತೆ. ಕೊನೆಗೆ, ತಾನೇ ಜೊತೆಗೆ ಬರುವುದಾದರೆ ಅಡ್ಡಿಯಿಲ್ಲ ಎಂದು ಒಪ್ಪಿದ. ಶನಿವಾರ ಬಸ್ಸು ಹತ್ತಿದೆವು. ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡ ಹೂವಯ್ಯ ಘಟ್ಟದ ಪ್ರತಿ ತಿರುವಿನಲ್ಲೂ ಅದನ್ನು ಅವುಚಿಕೊಳ್ಳುತ್ತಿದ್ದ. ಮಗುವಿಗೂ ಟಿಕೆಟ್ ಮಾಡಿಸಬೇಕೇ ಎಂದು ಕಂಡಕ್ಟರು ಕೇಳಿದ. ಹೂವಯ್ಯ ನಗಲಿಲ್ಲ.

ಹೊಸನಗರದಲ್ಲಿ ದುರ್ಗತ್ತೆ ಹತ್ತಿದಳು. ಅವಳು ನನ್ನ ಅಪ್ಪನ ತಂಗಿ. ಮಗಳ ಮನೆಯಲ್ಲಿದ್ದವಳು ಮದುವೆಯ ಕೆಲಸಕ್ಕೆಂದು ನಮ್ಮಲ್ಲಿಗೆ ಹೊರಟಿದ್ದಳು. ಅವ್ವ ಕೇಳುವ ಪ್ರಶ್ನೆಗಳಿಗೆಲ್ಲ ಹೆಸರು ಹೇಳುತ್ತಿದ್ದವಳು ಈ ದುರ್ಗತ್ತೆಯೇ. ಅತ್ತಿಗೆ ನಾದಿನಿಯರ ಈ ಜೋಡಿ ಒಂದು ಮದುವೆಯನ್ನೂ ತಪ್ಪಿಸಿದ್ದಿಲ್ಲ, ಮಾಸ್ತಪ್ಪನದೊಂದನ್ನು ಬಿಟ್ಟು. ಆಗ ಅತ್ತೆ ಮಗಳ ಬಾಣಂತನಕ್ಕೆ ನಿಂತಿದ್ದಳು. ನಾವು ಎಲ್ಲಿಗೆ ಹೊರಟಿದ್ದೇವೆಂದು ಕೇಳಿದವಳೇ ತಾನೂ ಜೋಗಕ್ಕೆ ಬರುತ್ತೇನೆ ಅಂದಳು. ಆ ದಿನ ಅವ್ವ ಹೇಗೆ ಹಾಡಿದ್ದಳೆಂದು ನೋಡಬೇಕಿತ್ತು ಅವಳಿಗೆ. ಮರುದಿನ ಬೆಳಿಗ್ಗೆ ಸಾಗರದಿಂದ ಅವ್ವ, ತುಂಗಾ, ಅತ್ತೆ, ಹೂವಯ್ಯ, ನಾನು, ಕಂಬಳಿಯೊಳಗಿನ ಯಂತ್ರ, ಹೀಗೆ ದಿಬ್ಬಣದಂತೆ ಹೊರಟೆವು.

ಮುಕುಂದಯ್ಯನವರ ಹೆಂಡತಿ ಶಾಂತಮ್ಮ ಖಾಲಿ ಮನೆಯಲ್ಲಿ ನಮಗಾಗಿ ಚಾಪೆ ಬಿಚ್ಚಿ ಹಾಸಿದ್ದರು. ಲೋಟಗಳೆಲ್ಲ ಕಟ್ಟಿ ಆಗಿದ್ದರಿಂದ ಬಟ್ಟಲುಗಳಲ್ಲಿ ಕಾಫಿ ಕೊಟ್ಟರು. ಎರಡು ಯಂತ್ರಗಳನ್ನೂ ಅಕ್ಕಪಕ್ಕ ಇಟ್ಟಾಗ ಹೂವಯ್ಯನಿಗೂ ಮುಕುಂದಯ್ಯನವರಿಗೂ ತುಸು ಜಗಳವೇ ಆಯಿತು. ಬೀಟಾದ ಚಿತ್ರ ಚೊಕ್ಕಟ ಎಂದು ಇವರು. ಚೊಕ್ಕಟವಾಗಿದ್ದರೇನು, ಊರಲ್ಲಿ ಅದಕ್ಕೆ ಜೊತೆ ಯಾರಿದ್ದಾರೆ ಎಂದು ಅವನು.

ಚಿತ್ರ ಹೋಗಲು ಒಂದು ತಂತಿ, ಸದ್ದು ಹೋಗಲು ಒಂದು ತಂತಿ. ಹೂವಯ್ಯ ಚೀಲದಿಂದ ತೆಗೆದು ನೋಡಿದರೆ ಸದ್ದಿನ ತಂತಿಯ ತುದಿ ಬಸ್ಸಿನಲ್ಲಿ ಜಜ್ಜಿ ಮುರಿದಿತ್ತು. ಎರಡನ್ನೂ ಒಟ್ಟಿಗೆ ಆಂಟೆನಾದ ದಾರಿಯಿಂದ ಕಳಿಸಿ ನೋಡಿದರು. ಚಿತ್ರ ಕೆರೆಯ ನೆರಳಿನ ಹಾಗೆ ನಡುಗಿತು. ತುಂಗಾ ನನ್ನ ಕಡೆ ನೋಡಲಿಲ್ಲ, ಕಿಟಕಿಯ ಹೊರಗೆ ನೋಡುತ್ತಿದ್ದಳು.

ಆಮೇಲೆ ಹೂವಯ್ಯನೇ ಚೀಲದ ತಳದಿಂದ ಒಂದು ಮೈಕು ತೆಗೆದ. ಚಿತ್ರ ತಂತಿಯಲ್ಲಿ ಹೋಗಲಿ. ಟೀವಿಯಿಂದ ಬರುವ ಸದ್ದನ್ನು ಮೈಕಿನಿಂದ ಹಿಡಿಯೋಣ ಎಂದ. ಮುಕುಂದಯ್ಯ ಟೀವಿಯ ಮುಂದೆ ಸ್ಟೂಲಿಟ್ಟು, ಮೈಕನ್ನು ಶಾಂತಮ್ಮನವರ ಜಡೆಯ ರಿಬ್ಬನ್ನಿನಿಂದ ಅದಕ್ಕೆ ಕಟ್ಟಿದರು. ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿದರು.

"ಎಲ್ಲಾರೂ ಕೇಳಿ," ಎಂದ ಹೂವಯ್ಯ. "ಈ ಕೋಣೇಲಿ ಆಗೋ ಸದ್ದೆಲ್ಲ ಇದರೊಳಗೆ ಬೀಳ್ತದೆ. ಕೆಮ್ಮಂಗಿಲ್ಲ, ಸೀನಂಗಿಲ್ಲ. ಬಳೆ ಬಿಚ್ಚಿಡಿ."

ಹೆಂಗಸರು ಬಳೆ ಬಿಚ್ಚಿಟ್ಟರು. ಎರಡು ಯಂತ್ರಗಳ ಗುಂಡಿಗಳನ್ನು ಇಬ್ಬರೂ ಒಟ್ಟಿಗೆ ಒತ್ತಿದರು.

ಮೊದಲು ಚಪ್ಪರ, ಬ್ಯಾಂಡಿನವರು, ನಗುವ ನೆಂಟರು. ಆಮೇಲೆ ಕೆಂಪು ಗೋಡೆ. ಅದರ ಮುಂದೆ ಅವ್ವ. ಕ್ಯಾಮೆರಾದವನು ಹತ್ತಿರ ಬಂದದ್ದಕ್ಕೆ ಒಂದು ಕ್ಷಣ ಮುನಿದು, ಕಣ್ಣು ತಗ್ಗಿಸಿ, ಹಾಡು ಎತ್ತಿದಳು.

ಆ ದನಿ ಹೇಗಿತ್ತೆಂದು ನಾನು ಮರೆತೇಬಿಟ್ಟಿದ್ದೆ. ಅದು ಇಂಪಾದ ದನಿಯಲ್ಲ. ಸ್ವಲ್ಪ ಒರಟು, ಒಣಗಿದ ಸೌದೆ ಸೀಳಿದ ಹಾಗೆ. ನನ್ನ ಪಕ್ಕದಲ್ಲಿ ಕೂತಿದ್ದ ಅವ್ವ ಕೈಯನ್ನು ಗಂಟಲಿನ ಮೇಲಿಟ್ಟುಕೊಂಡಳು. ಆ ಪೆಟ್ಟಿಗೆಯಲ್ಲಿ ಹಾಡುತ್ತಿರುವುದು ತನ್ನ ಗಂಟಲೇ ಹೌದೋ ಅಲ್ಲವೋ ಎಂದು ಮುಟ್ಟಿ ನೋಡುವವಳಂತೆ.

ಕೆಮ್ಮಣ್ಣು ತಂದವರು ಯಾರು ಎಂದು ಟೀವಿಯ ಅವ್ವ ಕೇಳಿದಳು. ಉತ್ತರ ಬರಬೇಕಾದಲ್ಲಿ ಬ್ಯಾಂಡಿನ ಸದ್ದು ಬಂತು. ಅತ್ತೆಯ ಜಾಗದಲ್ಲಿ ಕೂರಿಸಿದ್ದ ಹುಡುಗಿ ಬಾಯಿ ಆಡಿಸುತ್ತಿದ್ದುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಹಾಡಿನ ಪದ್ಧತಿಯಂತೆ ಅವ್ವ ಅದೇ ಸಾಲನ್ನು ಇನ್ನೊಮ್ಮೆ ಕೇಳಿದಳು.

ದುರ್ಗತ್ತೆ ಕಣ್ಣು ಮುಚ್ಚಿದ್ದಳು. ಅವಳ ಬಾಯಿಂದ ಹೆಸರು ಹೊರಟೇಹೋಯಿತು. ದೂರದಿಂದ ಹೊತ್ತು ತಂದವನು ತೀರ್ಥಹಳ್ಳಿಯ ಹೂವಯ್ಯ ಎಂದು ತುಂಬು ದನಿಯಲ್ಲಿ ಹಾಡಿದಳು.

ಹೂವಯ್ಯ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಆಡಿಸಿದ. ಬಾಯಿ ಬಿಡುವಂತಿರಲಿಲ್ಲ. ಮುಚ್ಚಿದ ಕಣ್ಣಿಗೆ ಅದು ಕಾಣುವಂತೆಯೂ ಇರಲಿಲ್ಲ. ನಾನು ಅತ್ತೆಯ ತೋಳು ಹಿಡಿಯಲು ಬಗ್ಗಿದೆ. ಅವ್ವ ನನ್ನ ಕೈ ಹಿಡಿದು ಹಿಂದಕ್ಕೆ ಸರಿಸಿದಳು.

ಅಕ್ಕಿ ನೆನೆಸಿದವರು ಯಾರು? ಕಾಲನಿಯ ಶಾಂತಮ್ಮ. ದೀಪ ಹಚ್ಚಿದವರು ಯಾರು? ಜೋಗದ ಮುಕುಂದಯ್ಯ. ಅದಂತೂ ಸುಳ್ಳಲ್ಲ. ಹೀಗೆಯೇ ಹಾಡು ಮುಗಿಯುವವರೆಗೂ ಎರಡು ವರ್ಷದ ಹಿಂದಿನ ಪ್ರಶ್ನೆಗಳಿಗೆ ಆ ಬೆಳಗಿನ ಉತ್ತರಗಳು ಸೇರುತ್ತ ಹೋದವು. ಕ್ಯಾಮೆರಾ ಊಟದ ಪಂಕ್ತಿಯ ಕಡೆ ತಿರುಗಿದಾಗ ಹೂವಯ್ಯ ಗುಂಡಿ ಒತ್ತಿ ನಿಲ್ಲಿಸಿದ.

"ಹಾಳಾಯ್ತು," ಎಂದ. "ಪೂರಾ ಹಾಳಾಯ್ತು. ಸುಮ್ನಿರಿ ಅಂತ ಹೇಳಿರ್ಲಿಲ್ಲೇನಮ್ಮ?"

ಆಗ ಅತ್ತೆ ಕಣ್ಣು ಬಿಟ್ಟಳು. ಮೈಕನ್ನೂ ನಮ್ಮೆಲ್ಲರ ಮುಖಗಳನ್ನೂ ನೋಡಿ ಏನಾಯಿತೆಂದು ಅವಳಿಗೆ ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಕೇಳ್ತಾ ಇದ್ಲಲ್ಲ," ಎಂದಳು ಮೆಲ್ಲಗೆ. "ಎರಡು ವರ್ಷದಿಂದ ಅದ್ರೊಳಗೆ ಕೂತು ಕೇಳ್ತಾನೇ ಇದಾಳೆ. ಯಾರೂ ಹೇಳದೇ ಇದ್ರೆ ಹೆಂಗೆ?"

ಹೊರಗೆ ಲಾರಿಯ ಹಾರನ್ ಕೇಳಿಸಿತು. ಹೇಳಿದ್ದಕ್ಕಿಂತ ಬೇಗ ಬಂದಿತ್ತು. ಇನ್ನೊಮ್ಮೆ ಮೊದಲಿನಿಂದ ಮಾಡುವ ಮಾತೇ ಇರಲಿಲ್ಲ. ಮುಕುಂದಯ್ಯ ನನ್ನನ್ನು ನೋಡಿದರು, ನಾನು ತುಂಗಾಳನ್ನು. ಹಾಳಾಗಿದ್ದರೆ ಹಾಳಾದದ್ದು ಅವಳ ಹಾಡು.

ತುಂಗಾ ಹೂವಯ್ಯನಿಗೆ ಹೇಳಿ ಟೇಪನ್ನು ಹಿಂದಕ್ಕೆ ಓಡಿಸಿ, ದೊಡ್ಡ ಕ್ಯಾಸೆಟ್ಟಿನಿಂದ ಸ್ವಲ್ಪ ಹಾಕಿಸಿದಳು. ಅವ್ವ ಕೇಳಿದಳು, ಅತ್ತೆ ಹೇಳಿದಳು. ಬ್ಯಾಂಡು ಎಲ್ಲೋ ಹಿಂದೆ ಅಡಗಿಹೋಗಿತ್ತು. ಕಣ್ಣು ಮುಚ್ಚಿ ಕೇಳಿದರೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತಿದ್ದರು.

"ಇದೇ ಇರ್ಲಿ," ಎಂದಳು ತುಂಗಾ. "ಅವತ್ತಿಂದಕ್ಕಿಂತ ಇದೇ ಚಲೋ ಆಯ್ತು."

ಅತ್ತೆ ಅಳತೊಡಗಿದಳು. ಹೂವಯ್ಯ ತಂತಿ ಸುತ್ತುವುದರಲ್ಲಿ ಮಗ್ನನಾದವನಂತೆ ಆ ಕಡೆ ತಿರುಗಿದ. ಆದರೆ ತನ್ನ ಹೆಸರು ಬರುವ ಜಾಗ ಯಂತ್ರದಲ್ಲಿ ಎಷ್ಟನೆಯ ನಂಬರಿಗೆ ಬರುತ್ತದೆಂದು ನೋಡಿಟ್ಟುಕೊಂಡದ್ದನ್ನು ನಾನು ಕಂಡೆ. ಮುಕುಂದಯ್ಯ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

"ಇಷ್ಟು ವರ್ಷ ಇಲ್ಲಿ ಕರೆಂಟ್ ಮಾಡಿದ್ದೀನಿ," ಎಂದರು. "ಕರೆಂಟ್ ಹೋದಾಗ ಬೈದೋರು ಬೇಕಾದಷ್ಟು ಜನ. ದೀಪ ಹತ್ತಿದಾಗ ಹೆಸರು ಹಿಡಿದು ಹೇಳಿದ್ದು ಇದೇ ಮೊದಲು."

ಕೂಲಿಗಳು ಪೆಟ್ಟಿಗೆ ಎತ್ತತೊಡಗಿದರು. ನಾನು ಬೀಟಾ ಕ್ಯಾಸೆಟ್ಟನ್ನು ಚೀಲಕ್ಕೆ ಹಾಕುವಷ್ಟರಲ್ಲಿ ಅವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ನೇರ ಹೋಗಿ, ಇನ್ನೂ ಮುಚ್ಚಳ ಹಾಕದ ಪೆಟ್ಟಿಗೆಯ ಹುಲ್ಲಿನಲ್ಲಿ, ಯಂತ್ರಕ್ಕೆಂದು ಬಿಟ್ಟಿದ್ದ ಜಾಗದ ಪಕ್ಕದಲ್ಲಿ ಇಟ್ಟಳು. ಶಾಂತಮ್ಮ ಬೇಡವೆಂದರು, ನಿಮ್ಮ ಮನೆಯ ಮದುವೆಯದು, ಅಸಲು ನಿಮ್ಮಲ್ಲೇ ಇರಬೇಕು ಎಂದರು. ಅವ್ವ ಮೊದಲು ನಮ್ಮ ಕಡೆ ಬೆರಳು ತೋರಿಸಿ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಆಮೇಲೆ ಶಾಂತಮ್ಮನವರ ಕಡೆ ತೋರಿಸಿ ಅಂಗೈ ತೆಗೆದಳು. ನಮ್ಮ ಮನೆಯಲ್ಲಿ ಅದು ಮೂಕ. ನಿಮ್ಮ ಮನೆಯಲ್ಲಿ ಹಾಡುತ್ತದೆ. ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಶಾಂತಮ್ಮ ಅವ್ವನ ಎರಡೂ ಕೈ ಹಿಡಿದುಕೊಂಡು, ಲಾರಿಯವನು ಮತ್ತೆ ಹಾರನ್ ಮಾಡುವವರೆಗೂ ಬಿಡಲಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಜಟ್ಟಪ್ಪ ಟೀವಿ ತಂದು ಹಸೆಗೋಡೆಯ ಪಕ್ಕ ಇಟ್ಟ. ಹೆಂಗಸರೆಲ್ಲ ಸೇರಿದ್ದರು. ತುಂಗಾ ಮಣೆಯ ಮೇಲೆ ಕೂತಿದ್ದಳು. ಹಾಡು ಶುರುವಾಗುವ ಹೊತ್ತಿಗೆ ನಾನು ಅವ್ವನನ್ನು ಟೀವಿಯ ಮುಂದೆ ಹುಡುಕಿದೆ. ಅವಳು ಅಲ್ಲಿರಲಿಲ್ಲ. ಪುಂಡಿ ನಾರಿನ ಕುಂಚ ಹಿಡಿದು ಗೋಡೆಯ ಮುಂದೆ ನಿಂತಿದ್ದಳು.

ಅವಳು ಬರೆದದ್ದನ್ನು ನಾನು ಎಂದೂ ನೋಡಿರಲಿಲ್ಲ. ಹಾಡುವವಳಿಗೆ ಗೋಡೆಯ ಕಡೆ ತಿರುಗಲು ಬಿಡುವೆಲ್ಲಿ? ಈಗ ಹಾಡಿನ ಕೆಲಸವನ್ನು ಟೀವಿಯೊಳಗಿನ ಕನ್ನಮ್ಮ ನೋಡಿಕೊಳ್ಳುತ್ತಿದ್ದಳು. ಅವ್ವ ಕುಂಚವನ್ನು ಬಿಳಿಯಲ್ಲಿ ಅದ್ದಿ, ತನ್ನದೇ ಹಾಡಿಗೆ ಮೊದಲ ಗೆರೆ ಎಳೆದಳು. ಗೆರೆ ಸ್ವಲ್ಪ ಡೊಂಕಾಯಿತು. ಅವಳು ಅದರ ಪಕ್ಕದಲ್ಲೇ ಇನ್ನೊಂದು ಎಳೆದಳು.

ದೀಪ ಹಚ್ಚಿದವರು ಯಾರು ಎಂದು ಟೀವಿಯಿಂದ ದನಿ ಕೇಳಿತು. ಅವ್ವ ಕುಂಚವನ್ನು ಗೋಡೆಯಿಂದ ಎತ್ತಿ, ಹಾಗೇ ಗಾಳಿಯಲ್ಲಿ ಹಿಡಿದು ನಿಂತಳು. ಜೋಗದ ಮುಕುಂದಯ್ಯ ಎಂದು ಪೆಟ್ಟಿಗೆಯೊಳಗಿನ ಅತ್ತೆ ಹೇಳಿದಳು. ಚಾಪೆಯ ಮೇಲಿದ್ದ ಅತ್ತೆ ಹೇಳಿದಳು. ಆ ಮನುಷ್ಯ ಯಾರೆಂದೇ ಅರಿಯದ ಊರ ಹೆಂಗಸರೆಲ್ಲ ಹಿಂದಿನಿಂದ ಅದೇ ಹೆಸರನ್ನು ಎತ್ತಿಕೊಂಡರು. ಅದು ಪೂರ್ತಿ ಮುಗಿದ ಮೇಲೆ ಅವ್ವ ಕುಂಚವನ್ನು ಮತ್ತೆ ಗೋಡೆಗೆ ಮುಟ್ಟಿಸಿದಳು.